ಆ ಹಾಡಿನ ಮೊದಲ ದನಿ

ಕಳೆದ ರಜೆಯಲ್ಲಿ ನೀವಿಬ್ಬರೂ ಮೊಬೈಲಿನಲ್ಲಿ ನನ್ನ ಹಾಡು ಹಾಕಿಕೊಂಡು ಒಂದು ಪ್ರಶ್ನೆ ಕೇಳಿದಿರಿ. ಅಜ್ಜಿ, ಇದರಲ್ಲಿ ಇಬ್ಬರು ಹಾಡುತ್ತಾರೆ, ಹಿಂದೆ ಹಾಡುವವಳು ನೀನು, ಮುಂದೆ ಹಾಡುವವಳು ಯಾರು ಎಂದು. ನಾನು ರೊಟ್ಟಿ ಬಡಿಯುತ್ತಿದ್ದೆ. ಆಮೇಲೆ ಹೇಳುತ್ತೇನೆ ಎಂದವಳು ಹೇಳಲೇ ಇಲ್ಲ. ಎದುರಿಗೆ ಕೂತವರ ಮುಖ ನೋಡಿಕೊಂಡು ಉದ್ದಕ್ಕೆ ಮಾತಾಡುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ, ಮೊಮ್ಮಕ್ಕಳಾದರೂ ಅಷ್ಟೇ. ತಂಬ್ರಹಳ್ಳಿ ಕಡೆಯ ನನ್ನ ತವರೂರ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದೇನೆ, ಬರೆಯಲು ಬರುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಮುಂದೆ ಹಾಡಿದವಳೂ ನಾನೇ. ಆದರೆ ಹಾಡಿದ ರೀತಿ ನನ್ನದಲ್ಲ, ನಿಮ್ಮ ದೊಡ್ಡಜ್ಜಿಯದು.

ದೊಡ್ಡಜ್ಜಿ ನನಗೆ ನೆಗೆಣ್ಣಿ, ನಿಮ್ಮ ತಾತನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ನಾನು ಮದುವೆಯಾಗಿ ಕಾನಹೊಸಹಳ್ಳಿ ಹತ್ತಿರದ ಈ ಊರಿಗೆ ಬಂದಾಗ ಇದು ಒಂದೇ ಮನೆ. ಈಗ ನೀವು ನೋಡುವ ನಡುಗೋಡೆ ಆಮೇಲೆ ಎದ್ದದ್ದು. ಅಕ್ಕನಿಗೆ ಆಗಲೇ ಸುತ್ತಲ ಊರುಗಳಲ್ಲಿ ಹೆಸರಿತ್ತು. ಮದುವೆ ಮನೆಯಲ್ಲಿ ಅರಿಷಿಣ ಹಚ್ಚುವಾಗ, ಸುರಿಗೆ ಸುತ್ತಿ ಮದುಮಕ್ಕಳಿಗೆ ನೀರು ಹಾಕುವಾಗ, ಆರತಿ ಎತ್ತುವಾಗ ಹೆಂಗಸರು ಸೋಬಾನೆ ಹಾಡುತ್ತಾರಲ್ಲ, ಅದನ್ನು ಅವಳಂತೆ ಹಾಡುವವರು ಕೂಡ್ಲಿಗಿಯವರೆಗೆ ಯಾರೂ ಇರಲಿಲ್ಲ.

ಸೋಬಾನೆಯನ್ನು ಒಬ್ಬರೇ ಹಾಡುವುದಿಲ್ಲ. ಮುಂದಿನವಳು ಒಂದು ಸೊಲ್ಲು ಎತ್ತುತ್ತಾಳೆ, ಅದರ ಬಾಲ ಇನ್ನೂ ಅವಳ ಬಾಯಲ್ಲಿರುವಾಗಲೇ ಹಿಂದಿನವಳು ಅದೇ ಸೊಲ್ಲನ್ನು ಹಿಡಿದು ತಿರುಗಿ ಹಾಡುತ್ತಾಳೆ. ಅಷ್ಟರಲ್ಲಿ ಮುಂದಿನವಳು ಉಸಿರು ತೆಗೆದುಕೊಂಡು ಮುಂದಿನ ಸೊಲ್ಲಿಗೆ ಹೋಗುತ್ತಾಳೆ. ಹೀಗೆ ಹಾಡು ಎಲ್ಲೂ ನೆಲಕ್ಕೆ ಬೀಳದಂತೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತದೆ.

ನಾನು ಬಂದ ಹೊಸದರಲ್ಲಿ ಒಂದು ಮದುವೆಯ ದಿನ ಅಕ್ಕನ ಹಿಂದೆ ಹಾಡುವವಳಿಗೆ ಗಂಟಲು ಕಟ್ಟಿತ್ತು. ಹಂದರದ ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದ ನನ್ನನ್ನು ಅಕ್ಕ ರಟ್ಟೆ ಹಿಡಿದು ಎಳೆದಳು.

"ಬಾ ಇಲ್ಲಿ. ನಾ ಅಂದಂಗ ಅನ್ನು."

"ನನಗ ಬರಾಂಗಿಲ್ಲಕ್ಕ."

"ಉಣ್ಣಾಕ ಬರ್ತೈತಿಲ್ಲ? ಅದ ಬಾಯಿ. ಬಾ."

ಅವಳು ಅಂದಂತೆ ಅಂದೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, ನೆಲ ನೋಡಿಕೊಂಡು. ಹಾಡು ಮುಗಿದ ಮೇಲೆ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನ್ಯಾಗ ಉಪ್ಪು ಕೊಡು ಅನ್ನಾಕೂ ನಾಚ್ತಾಳ, ಇಲ್ಲಿ ನೋಡು" ಎಂದು ಎಲ್ಲರೆದುರಿಗೆ ನಗಾಡಿದಳು. ಅಂದಿನಿಂದ ನಾನು ಅವಳ ಜೋಡಿಯಾದೆ. ನಮ್ಮ ಹಿಂದೆ ಒಬ್ಬಿಬ್ಬರು ಹೆಂಗಸರು ಬದಲಾಗುತ್ತಿದ್ದರು. ನಾವಿಬ್ಬರು ಮಾತ್ರ ಬದಲಾಗಲಿಲ್ಲ.

ಹಿಂದೆ ಹಾಡುವುದು ನನಗೆ ಹೇಳಿ ಮಾಡಿಸಿದ ಕೆಲಸವಾಗಿತ್ತು. ಅದಕ್ಕೆ ಧೈರ್ಯ ಬೇಕಿಲ್ಲ. ಯಾವ ಹಾಡು, ಎಲ್ಲಿ ಶುರು, ಯಾರನ್ನು ಹಂಗಿಸಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲವನ್ನೂ ಅಕ್ಕ ನೋಡಿಕೊಳ್ಳುತ್ತಿದ್ದಳು. ಬೀಗರನ್ನು ಹಾಸ್ಯ ಮಾಡುವ ಪದ ಬಂದಾಗ ಅವಳು ಗಂಡಿನ ಅಪ್ಪನ ಹೊಟ್ಟೆಯನ್ನೋ ಅತ್ತೆಯ ನಡಿಗೆಯನ್ನೋ ಅಲ್ಲಿಯೇ ಕಟ್ಟಿ ಎತ್ತುವಳು. ನಾನು ನಗು ತಡೆದುಕೊಂಡು ಅದನ್ನೇ ತಿರುಗಿ ಹಾಡುವೆ. ಬೀಗರು ಸಿಟ್ಟಾದರೆ ಅವಳ ಮೇಲೆ, ನಕ್ಕರೆ ಪಾಲು ಇಬ್ಬರಿಗೂ. ಕೊಟ್ಟೂರು, ಕೂಡ್ಲಿಗಿ ಎಂದು ಟ್ರ್ಯಾಕ್ಟರಿನಲ್ಲಿ, ಟೆಂಪೋದಲ್ಲಿ ಹೋಗಿ ಬರುವಾಗ ಅಕ್ಕ ದಾರಿಯುದ್ದಕ್ಕೂ ಮಾತಾಡುತ್ತಿದ್ದಳು, ನಾನು ಅವಳ ತೋಳಿಗೆ ಒರಗಿ ನಿದ್ದೆ ಮಾಡುತ್ತಿದ್ದೆ. ಅಷ್ಟು ವರ್ಷಗಳಲ್ಲಿ ಒಂದು ಹಾಡಿನ ಮೊದಲ ಸೊಲ್ಲನ್ನು ನಾನು ಎತ್ತಿದ್ದಿಲ್ಲ.

ನಿಮ್ಮ ತಾತನಿಗೆ ಹೈವೇ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇದ್ದದ್ದು ನಿಮಗೆ ಗೊತ್ತು. ಒಂದು ಮಧ್ಯಾಹ್ನ ಲಾರಿಯ ಟ್ಯೂಬೊಂದನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಏಳುವುದನ್ನು ನೋಡುತ್ತ ಕೂತವರು ಹಾಗೆಯೇ ಪಕ್ಕಕ್ಕೆ ವಾಲಿದರಂತೆ. ನಾನು ಹೋಗುವ ಹೊತ್ತಿಗೆ ಆಗಿಹೋಗಿತ್ತು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಸೋಬಾನೆ ಹಾಡಲು ಕರೆಯುವುದಕ್ಕೆ ನಮ್ಮಲ್ಲಿ ಒಂದು ರೀತಿ ಇದೆ. ಮದುವೆ ಮನೆಯ ಹೆಂಗಸರು ಕುಂಕುಮದ ಭರಣಿ ಹಿಡಿದು ಬರುತ್ತಾರೆ, ಹಣೆಗೆ ಕುಂಕುಮ ಹಚ್ಚಿ "ಪದ ಹಾಡಾಕ ಬರ್ರಿ" ಎನ್ನುತ್ತಾರೆ. ಹಚ್ಚಿಸಿಕೊಂಡರೆ ಒಪ್ಪಿದಂತೆ. ನಿಮ್ಮ ತಾತ ಹೋದ ಮೇಲೆ ನನ್ನನ್ನು ಯಾರೂ ಬೇಡ ಎನ್ನಲಿಲ್ಲ. ಬರಬೇಡ ಎಂದೂ ಅನ್ನಲಿಲ್ಲ. ಕರೆಯುವವರು ಅಕ್ಕನ ಬಾಗಿಲಿಗೆ ಬಂದು ಅವಳ ಹಣೆಗೆ ಹಚ್ಚಿ, ನನ್ನ ಬಾಗಿಲ ಮುಂದೆ ಬಂದು ನಿಂತು, "ಹೆಂಗ ಅದೀಯವ್ವ, ಊಟ ಆತಾ" ಎಂದು ಕೇಳಿ, ಭರಣಿಯನ್ನು ಸೆರಗಿನೊಳಗೆ ಸರಿಸಿಕೊಂಡು ಹೋಗುತ್ತಿದ್ದರು. ಅವರಿಗೂ ಕಷ್ಟವಾಗುತ್ತಿತ್ತು. ಕುಂಕುಮ ಹಚ್ಚದೆ ಕರೆಯುವುದು ಹೇಗೆಂದು ಅವರಿಗೆ ತಿಳಿಯದು, ಕರೆಯದೆ ಹೋಗುವುದು ಹೇಗೆಂದು ನನಗೆ ತಿಳಿಯದು.

ಊರಲ್ಲೇ ಮದುವೆಯಾದರೆ ಹಾಡು ನಮ್ಮ ಮನೆಯವರೆಗೂ ಕೇಳಿಸುತ್ತದೆ. ನನ್ನ ಜಾಗದಲ್ಲಿ ಬೇರೊಬ್ಬಳು ಕೂತಿದ್ದಳು. ಒಳ್ಳೆಯ ದನಿಯೇ. ಆದರೆ ಅಕ್ಕ ಸೊಲ್ಲು ಬಿಟ್ಟ ಮೇಲೆ ಎತ್ತಿಕೊಳ್ಳಲು ಅವಳು ಸ್ವಲ್ಪ ತಡ ಮಾಡುತ್ತಿದ್ದಳು. ನಾನು ಬೇಳೆ ಆರಿಸುತ್ತ ಕೂತಿದ್ದರೂ ನನ್ನ ತುಟಿ ಆ ಹೊತ್ತಿಗೆ ತಾನೇ ಅಲುಗುತ್ತಿತ್ತು. ಅಕ್ಕ ಮರಳಿ ಬಂದು ನಡುಗೋಡೆಯ ಮೇಲಿಂದ ಲಾಡು, ಬಾಳೆಹಣ್ಣು ಕೊಡುವಳು. "ಆಕಿ ಹಿಂದ ಹಾಡಿದ್ರ ಬಾವ್ಯಾಗ ಕೂಗಿದಂಗ ಆಗ್ತೈತಲೇ, ಒಂದೀಟು ಬಿಟ್ಟು ಬರ್ತೈತಿ ದನಿ" ಎನ್ನುವಳು. ನಾನು ನಗುತ್ತಿದ್ದೆ. ಮತ್ತೆ ಒಮ್ಮೆ ಅವಳ ಹಿಂದೆ ಹಾಡಬೇಕು ಎಂಬುದೊಂದು ಬಿಟ್ಟು ನನಗೆ ಬೇರೆ ಆಸೆ ಇರಲಿಲ್ಲ. ಅದನ್ನು ಅವಳಿಗೆ ಹೇಳಲೂ ಇಲ್ಲ. ಹೇಳಿದರೆ ಅವಳು ತಾನೇ ಏನು ಮಾಡಿಯಾಳು?

ಹೀಗಿರುವಾಗ ಕೊಟ್ಟೂರಿನಿಂದ ರೆಕಾರ್ಡಿಂಗ್ ಮಾಡುವವರೊಬ್ಬರು ಊರಿಗೆ ಬಂದರು. ಮೊದಲು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರಂತೆ. ಈಗ ಸ್ವಂತ ಸ್ಟುಡಿಯೋ, ಸ್ವಂತ ಚಾನೆಲ್. ಜನಪದ ಹಾಡುಗಳಿಗೆ ತಾಳ ಮೇಳ ಕೂಡಿಸಿ ಮೊಬೈಲಿನಲ್ಲಿ ಬಿಡುತ್ತಾರೆ. ಅಕ್ಕನ ಹೆಸರು ಕೇಳಿ ಬಂದಿದ್ದರು. ಅಕ್ಕನ ಪಡಸಾಲೆಯಲ್ಲಿ ಹಾಡುವ ಹೆಂಗಸರೆಲ್ಲ ಸೇರಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ನಮ್ಮ ಸ್ಟುಡಿಯೋಕ್ಕ ಬಂದು ಒಂದು ಸೋಬಾನಿ ಹಾಡ್ರಮ್ಮ" ಎಂದರು ಅವರು.

"ಯಾರದು ಮದುವಿ?" ಅಕ್ಕ ಕೇಳಿದಳು.

"ಮದುವಿ ಇಲ್ಲಮ್ಮ, ಸುಮ್ನ ಹಾಡೋದು."

"ಮತ್ತ ಮದಿಮಗಳು ಎಲ್ಲಿ ಅದಾಳ?"

"ಮದಿಮಗಳು ಯಾಕಮ್ಮ? ಮೈಕ್ ಐತಿ."

"ಮೈಕಿಗೆ ಅರಿಷಿಣ ಹಚ್ಚಬೇಕೇನ್ರಿ ನಾವು?"

ಹೆಂಗಸರೆಲ್ಲ ನಕ್ಕರು, ಅವರೂ ನಕ್ಕರು. ಆದರೆ ಅಕ್ಕ ತಮಾಷೆಗೆ ಹೇಳಿದ್ದಲ್ಲ. ಹಂದರವಿಲ್ಲದೆ, ಮದುಮಗಳಿಲ್ಲದೆ ಬರಿದೇ ಸೋಬಾನೆ ಹಾಡಿದರೆ ಹಾಡಿದವಳ ತಾಳಿಗೆ ಒಳ್ಳೆಯದಲ್ಲ ಎಂದು ನಮ್ಮ ಕಡೆ ನಂಬಿಕೆ. ಮನೆಯಲ್ಲಿ ಕಸ ಗುಡಿಸುತ್ತ ಗುನುಗಿದರೂ ಅತ್ತೆ ಬೈಯುತ್ತಿದ್ದರು. ಒಬ್ಬಳೂ ಒಪ್ಪಲಿಲ್ಲ. ಅವರು ಚಹಾ ಕುಡಿದು ಏಳುವ ಹೊತ್ತಿಗೆ ನಾನು ಬಾಗಿಲ ಹಿಂದಿನಿಂದಲೇ, "ನಾ ಹಾಡ್ಲೇನು?" ಎಂದೆ. ಅಷ್ಟು ಜನರಿದ್ದ ಕಡೆ ಯಾರೂ ಕೇಳದೆ ನಾನಾಗಿ ಆಡಿದ ಮಾತು ಅದೊಂದೇ ಇರಬೇಕು.

ಅಕ್ಕ ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, "ಆಕಿನ್ನ ಕರ್ಕೊಂಡು ಹೋಗ್ರಿ. ಚಲೋ ಹಾಡ್ತಾಳ. ಆಕಿ ಹಾಡಿದ್ರ ಏನೂ ಆಗಾಂಗಿಲ್ಲ" ಎಂದಳು.

ಅವಳು ನೋಯಿಸಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. ನನ್ನಲ್ಲಿ ಕೆಡುವಂಥದ್ದು ಇನ್ನೇನೂ ಉಳಿದಿರಲಿಲ್ಲ. ಮದುವೆ ಮನೆಯಲ್ಲಿ ಹಾಡಬಾರದವಳು ಮದುವೆ ಇಲ್ಲದ ಕಡೆ ಹಾಡಬಹುದಿತ್ತು.

ನಿಮ್ಮಪ್ಪ ಹಗರಿಬೊಮ್ಮನಹಳ್ಳಿಯಿಂದ ರಜೆ ಹಾಕಿ ಬಂದು ನನ್ನನ್ನು ಕೊಟ್ಟೂರಿಗೆ ಕರೆದುಕೊಂಡು ಹೋದ. ಸ್ಟುಡಿಯೋ ಎಂದರೆ ಬಟ್ಟೆ ಅಂಗಡಿಯ ಮೇಲಿನ ಒಂದು ಕೋಣೆ. ಗೋಡೆಗೆಲ್ಲ ಸ್ಪಂಜು ಬಡಿದಿದ್ದರು. ಬಾಗಿಲು ಹಾಕಿದರೆ ಕೆಳಗಿನ ಬೀದಿಯ ಸದ್ದು ಕತ್ತರಿಸಿದಂತೆ ನಿಂತುಬಿಡುತ್ತದೆ. ನನ್ನ ಉಸಿರು ನನಗೇ ದೊಡ್ಡದಾಗಿ ಕೇಳಿಸಿತು. ನಿಮ್ಮಪ್ಪ ಹೊರಗೆ ಕೂತ. ರೆಕಾರ್ಡಿಂಗಿನವರು ಗಾಜಿನ ಆಚೆ ಕೂತು, ನನ್ನ ಕಿವಿಗೆ ಹೆಡ್‌ಫೋನ್ ಹಾಕಿಸಿ, ಬಾಯಿಗೆ ಅಡ್ಡ ಹಿಡಿದ ಸೆರಗು ತೆಗೆಯಲು ಹೇಳಿದರು. ತೆಗೆದೆ. ಅವರ ಕಡೆ ನೋಡಲಾಗದೆ ಗೋಡೆಗೆ ಮುಖ ಮಾಡಿ ನಿಂತೆ. ಅದಕ್ಕೆ ಬೇಡ ಎನ್ನಲಿಲ್ಲ, ಮೈಕನ್ನೇ ಆ ಕಡೆ ತಿರುಗಿಸಿದರು. ಒಳ್ಳೆಯ ಮನುಷ್ಯ.

"ಹೂಂ, ಶುರು ಮಾಡ್ರಮ್ಮ."

ನಾನು ನಿಂತೆ. ತಾಳ ಬಂತು, ಹೋಯಿತು. ಅವರು ನಿಲ್ಲಿಸಿ ಮತ್ತೆ ಹಾಕಿದರು. ಮತ್ತೆ ಸುಮ್ಮನೆ ನಿಂತೆ.

"ಯಾಕಮ್ಮ, ಹಾಡು ಮರ್ತೀರೇನು?"

"ಇಲ್ರಿ."

"ಮತ್ತ?"

"ಎತ್ತಲಿ ಅಂತ ನಿಂತೀನ್ರಿ."

"ಯಾರು?"

ಆಗ ನನಗೆ ಗೊತ್ತಾಯಿತು. ನಾನು ಅಕ್ಕ ಸೊಲ್ಲು ಎತ್ತಲಿ ಎಂದು ಕಾಯುತ್ತಿದ್ದೆ. ಕಾಯುತ್ತಿದ್ದೇನೆ ಎಂದು ನನಗೇ ಅರಿವಿರಲಿಲ್ಲ. ಹಾಡೆಲ್ಲ ನನ್ನೊಳಗೆ ಇತ್ತು, ಆದರೆ ಅದರ ಬಾಗಿಲು ತೆಗೆಯುವವಳು ಬಂದಿರಲಿಲ್ಲ. ಆ ಕೋಣೆಯಲ್ಲಿ ನಿಂತಾಗ ಆದಷ್ಟು ಒಂಟಿತನ ನಿಮ್ಮ ತಾತ ಹೋದ ದಿನವೂ ಆಗಿರಲಿಲ್ಲ. ಅಂದು ಅಕ್ಕ ಪಕ್ಕದಲ್ಲಿದ್ದಳು.

ವಿಷಯ ತಿಳಿದ ಮೇಲೆ ಅವರು ಒಂದು ದಾರಿ ಹೇಳಿದರು. ಮೊದಲು ಮುಂದಿನ ಸೊಲ್ಲುಗಳನ್ನೆಲ್ಲ ಹಾಡಿಬಿಡಿ, ಆಮೇಲೆ ಅದನ್ನು ಕಿವಿಗೆ ಕೇಳಿಸುತ್ತೇನೆ, ಹಿಂದಿನ ಸೊಲ್ಲುಗಳನ್ನು ಅದರ ಮೇಲೆ ಹಾಡಿ ಎಂದು. ನಾನು ಕಣ್ಣು ಮುಚ್ಚಿ ಅಕ್ಕ ಹೇಗೆ ಎತ್ತುತ್ತಾಳೋ ಹಾಗೆಯೇ ಎತ್ತಿದೆ. ಅವಳು ಸೊಲ್ಲಿನ ನಡುವೆ ಮೂಗಿನಲ್ಲಿ ಒಂದು ಎಳೆತ ಎಳೆಯುತ್ತಾಳೆ, ಕೊನೆಯನ್ನು ಮೇಲಕ್ಕೆ ಎಸೆದು ಬಿಡುತ್ತಾಳೆ. ಬೇರೆ ರೀತಿಯ ಮೊದಲ ಸೊಲ್ಲು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಹೆಡ್‌ಫೋನಿನಲ್ಲಿ ಅದನ್ನು ಹಾಕಿದರು. ಅಕ್ಕ ಹಾಡಿದಳು. ನನ್ನ ಉಸಿರು ಹಗುರಾಯಿತು, ಬಾಲ ಇನ್ನೂ ಇರುವಾಗಲೇ ಹಿಡಿದೆ. ಒಂದು ಸಲವೂ ತಪ್ಪಲಿಲ್ಲ. ಹಾಡು ಮುಗಿದು ಹೆಡ್‌ಫೋನ್ ತೆಗೆದಾಗ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ.

ಹಾಡು ಬಂದ ದಿನ ಅದನ್ನು ಅಕ್ಕನಿಗೆ ಕೇಳಿಸಿದೆ. ಅವಳು ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಕೇಳಿದಳು.

"ಮುಂದ ಹಾಡಿದಾಕಿ ಯಾರಲೇ?"

"ನಾನ ಅಕ್ಕ."

"ಸುಳ್ಳು ಹೇಳಬ್ಯಾಡ. ಇದು ನಾನು." ಅವಳು ಇನ್ನೊಮ್ಮೆ ಕೇಳಿ ಜೋರಾಗಿ ನಕ್ಕಳು. "ನಾ ಇಲ್ಲಿ ಕಸ ಹೊಡಿಯಾಕ ಹತ್ತೀನಿ, ನನ್ನ ದನಿ ಕೊಟ್ಟೂರಿಗೆ ಹೋಗಿ ಬಂದೈತಿ. ಬಸ್ಸಿಗೆ ಹಾಫ್ ಟಿಕೆಟ್ ತಗಸಿದ್ದೇನು ಅದಕ್ಕ?"

ನಾನೂ ನಕ್ಕೆ. ಆದರೆ ನಗು ಮುಗಿಯುವ ಮೊದಲೇ ಅವಳ ಕೈ ಕೊರಳಿನ ತಾಳಿಯನ್ನು ಹಿಡಿದುಕೊಂಡಿತ್ತು. ಹಿಡಿದದ್ದು ಅವಳಿಗೂ ಗೊತ್ತಿರಲಿಲ್ಲ ಎನಿಸುತ್ತದೆ. ಮೊಬೈಲ್ ಕೊಟ್ಟು ಒಳಗೆ ಹೋದಳು.

ಹಾಡು ಹರಡಿತು. ಆಟೋಗಳಲ್ಲಿ, ಮದುವೆ ಮನೆಯ ಸ್ಪೀಕರುಗಳಲ್ಲಿ ಬರತೊಡಗಿತು. ನಾನು ಕಾಲಿಡಲಾಗದ ಹಂದರದೊಳಗೆ ನನ್ನ ದನಿ ಅರಿಷಿಣ ಹಚ್ಚಿಸುತ್ತಿತ್ತು. ಕೇಳಿದವರೆಲ್ಲ, "ನೀವಿಬ್ಬರು ನೆಗೆಣ್ಣೇರು ಎಷ್ಟು ಚಲೋ ಹಾಡೀರಿ" ಎಂದು ಅಕ್ಕನಿಗೇ ಹೇಳುತ್ತಿದ್ದರು. ಅಕ್ಕ ನಾನಲ್ಲ, ಆಕೆಯೇ ಎನ್ನುತ್ತಿದ್ದಳು. ಯಾರೂ ನಂಬುತ್ತಿರಲಿಲ್ಲ.

ಅದೇ ದಿನಗಳಲ್ಲಿ ಭಾವ, ನಿಮ್ಮ ದೊಡ್ಡ ತಾತ, ಹಾಸಿಗೆ ಹಿಡಿದರು. ಕೆಮ್ಮು ಎಂದುಕೊಂಡದ್ದು ಎದೆಗೆ ಇಳಿದು ದಾವಣಗೆರೆಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಕ್ಕ ಅವರ ಜೊತೆಗೆ ಹೋದಳು. ಹೋಗುವಾಗ ನನ್ನ ಬಾಗಿಲ ಮುಂದೆಯೇ ಆಟೋ ಹತ್ತಿದರೂ ನನ್ನ ಕಡೆ ನೋಡಲಿಲ್ಲ. ಅವಳು ಯಾಕೆ ನೋಡಲಿಲ್ಲ ಎಂಬುದನ್ನು ಊರು ಹೇಳಿತು. ನೀರು ಹಿಡಿಯುವ ನಲ್ಲಿಯ ಹತ್ತಿರ ಪಕ್ಕದ ಮನೆಯವಳು ಕೊಡ ತುಂಬಿಸುತ್ತ, "ಹಂದರಿಲ್ದ ಜಾಗದಾಗ ನಿಮ್ಮಕ್ಕನ ದನಿ ಹಾಡ್ತಂತ. ಅದಕ್ಕ ಹಿಂಗ ಆತು ಅಂತಾರ ನೋಡವ್ವ" ಎಂದಳು.

ನೀವು ಶಾಲೆಯಲ್ಲಿ ಓದುವವರು, ಇದನ್ನು ನಂಬಲಿಕ್ಕಿಲ್ಲ. ನಿಮ್ಮಪ್ಪನೂ ನಂಬುವುದಿಲ್ಲ, ಬೀಡಿ ಸೇದಿದರೆ ಎದೆ ಕೆಡದೆ ಇನ್ನೇನು ಎಂದ. ನಾನು ನಂಬಿದೆನೋ ಇಲ್ಲವೋ ಎಂದು ಕೇಳಿದರೆ ಹೇಳಲಾರೆ. ಅಕ್ಕ ನಂಬಿದ್ದಳು, ನನಗೆ ಅಷ್ಟು ಸಾಕಾಗಿತ್ತು. ನಡುಗೋಡೆಯ ಆಚೆ ದೀಪ ಇರಲಿಲ್ಲ. ಗೋಡೆಯ ಈಚೆ ಕೂತು ಒಂದು ವಿಚಾರ ಮಾಡಿದೆ, ಮಾಡಿ ಹೆದರಿದೆ. ಅಕ್ಕನೂ ನಾನೂ ಮತ್ತೆ ಜೋಡಿಯಾಗಿ ಹಾಡಬೇಕಾದರೆ ಇದ್ದದ್ದು ಒಂದೇ ದಾರಿ. ಅವಳೂ ನನ್ನಂತಾಗಬೇಕಿತ್ತು. ಆಗ ಅವಳಿಗೆ ಹಂದರ ಬೇಕಿಲ್ಲ, ಮದುಮಗಳು ಬೇಕಿಲ್ಲ, ನನ್ನ ಮುಂದೆ ಬಂದು ನಿಂತು ಸೊಲ್ಲು ಎತ್ತಬಹುದು. ನನ್ನ ಆಸೆಯ ಕೊನೆಗೆ ಇದು ಇದೆ ಎಂದು ನನಗೆ ಅಲ್ಲಿಯವರೆಗೆ ತೋಚಿರಲಿಲ್ಲ.

ಮರುದಿನವೇ ಉಚ್ಚಂಗಿದುರ್ಗಕ್ಕೆ ಹೋದೆ. ಗುಡ್ಡ ಹತ್ತಿ ಉಚ್ಚಂಗೆಮ್ಮನ ಮುಂದೆ ನಿಂತು, ಭಾವನ್ನ ಉಳಿಸು, ನಾನು ಅವಳ ಜೋಡಿ ಹಾಡುವುದು ಬೇಡ ಎಂದು ಬೇಡಿಕೊಂಡೆ. ಅಲ್ಲಿಂದ ಬಸ್ಸು ಹಿಡಿದು ಕೊಟ್ಟೂರಿಗೆ ಹೋದೆ, ಒಬ್ಬಳೇ. ಸ್ಟುಡಿಯೋದವರಿಗೆ ಭಾವನ ವಿಷಯ ಹೇಳಿ, ಆ ಹಾಡು ತೆಗೆದುಬಿಡಿ ಎಂದೆ.

ಅವರು ತಲೆ ಕೆರೆದುಕೊಂಡರು. "ನಮ್ಮ ಚಾನೆಲ್‌ನಾಗ ತೆಗಿತೀನಮ್ಮ. ಆದ್ರ ಮಂದಿ ಮೊಬೈಲಿನಾಗ ಇಳಿಸ್ಕೊಂಡಿದ್ದು ನನ್ನ ಕೈಯಾಗ ಇಲ್ಲ." ನಿಮ್ಮ ಮೊಬೈಲಿನಲ್ಲಿ ಉಳಿದಿರುವುದು ಅದೇ. "ಅದರ ಜಾಗಕ್ಕ ಬ್ಯಾರೆ ಹಾಡಿ ಕೊಡ್ರಿ. ಇಲ್ಲಾ ಆ ಅಮ್ಮನ ಮನಿಯವ್ರಿಗೆ ಆರಾಮ ಆದ ಮ್ಯಾಲ ಇಬ್ರೂ ಬಂದು ಹಾಡ್ರಿ."

"ಆಕಿ ಬರಾಂಗಿಲ್ರಿ. ಬರೋದೂ ಬ್ಯಾಡ" ಎಂದೆ. "ನಾ ಒಬ್ಬಾಕೇ ಹಾಡ್ತೀನಿ."

ಅಕ್ಕನ ಎಳೆತವಿಲ್ಲದೆ ಮೊದಲ ಸೊಲ್ಲು ಎತ್ತುವುದು ನನಗೆ ಬಹಳ ಕಷ್ಟವಾಯಿತು. ಅದು ಸಪ್ಪೆಯಾಗಿ, ಕೆಳಗಿನಿಂದ, ಯಾರನ್ನೋ ಎಬ್ಬಿಸಲು ಹೆದರಿದಂತೆ ಬಂತು. ಅವರು ಇದೇ ಇರಲಿ ಎಂದರು. ತಿರುಗಿ ಹಾಡುವವರಿಲ್ಲ. ಒಂದು ಸೊಲ್ಲಿಗೂ ಇನ್ನೊಂದು ಸೊಲ್ಲಿಗೂ ನಡುವೆ ಬರೀ ತಾಳ.

ಭಾವ ಉಳಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಮನೆಗೆ ಬಂದರು, ಬಡಕಲಾಗಿ, ಬೀಡಿ ಬಿಟ್ಟು. ಅಕ್ಕ ನಡುಗೋಡೆಯ ಮೇಲಿಂದ ಮಾತಾಡಿಸಿದಳು, ಮೊದಲಿನಂತೆಯೇ, ಹಾಡಿನ ಮಾತೊಂದು ಬಿಟ್ಟು. ನಾನೂ ಎತ್ತಲಿಲ್ಲ.

ಆ ಹೊಸ ಹಾಡು ಕೇಳಿ ನನ್ನನ್ನು ಕರೆಯಲು ಶುರು ಮಾಡಿದರು. ಹಡಗಲಿಯಲ್ಲಿ ಒಂದು ಶಾಲೆಯ ಕಾರ್ಯಕ್ರಮ, ಹರಪನಹಳ್ಳಿಯಲ್ಲಿ ಮಹಿಳಾ ಸಂಘದವರ ಸಮಾರಂಭ. ಹರಪನಹಳ್ಳಿಯಲ್ಲಿ ನನ್ನನ್ನು ವೇದಿಕೆಯ ನಡುವೆ ನಿಲ್ಲಿಸಿದರು. ಸೋಬಾನೆಯನ್ನು ಕೂತು, ಭುಜಕ್ಕೆ ಭುಜ ತಾಗಿಸಿಕೊಂಡು ಹಾಡುತ್ತಾರೆ. ನನ್ನ ಎರಡೂ ಕಡೆ ಗಾಳಿ ಬೀಸುತ್ತಿತ್ತು. ಹಾಡಿದ ಮೇಲೆ ಚಪ್ಪಾಳೆ ಹೊಡೆದರು, ಶಾಲು ಹೊದಿಸಿದರು. ಬಸ್ಸಿನಲ್ಲಿ ಬರುವಾಗ ನಿದ್ದೆ ಬಂತು, ತಲೆ ಕಿಟಕಿಯ ಸರಳಿಗೆ ಬಡಿಯಿತು. ಆಮೇಲೆ ಎಚ್ಚರವಾಗಿಯೇ ಕೂತೆ. ಈಗಲೂ ಹೋಗುತ್ತೇನೆ. ಹೋಗಬೇಡ ಎಂದು ನಿಮ್ಮಪ್ಪ ಒಮ್ಮೆ ಹೇಳಿದ. ಹಾಡುವುದಕ್ಕೆ ನನಗೆ ಬೇರೆ ಜಾಗ ಇಲ್ಲ.

ಹರಪನಹಳ್ಳಿಯಿಂದ ಬಂದ ಮರುದಿನ ಅಕ್ಕ ತಾನಾಗಿಯೇ ಕೇಳಿದಳು. "ಹೊಸಾದು ಹಾಡೀಯಂತಲ್ಲ, ನನಗ ಕೇಳಿಸವಲ್ಲಿ?"

ಅವಳ ಪಡಸಾಲೆಯಲ್ಲಿ ಕೂತು ಹಾಕಿದೆ. ಈ ಸಲ ಮೊಬೈಲನ್ನು ಇಬ್ಬರ ನಡುವೆ ನೆಲದ ಮೇಲೆ ಇಟ್ಟೆವು. ಮೊದಲ ಸೊಲ್ಲು ಬಂತು. ಅಕ್ಕ ತಲೆ ಓರೆ ಮಾಡಿ ಕೇಳಿದಳು.

"ಇದರಾಗ ನಾನಿಲ್ಲ" ಎಂದಳು.

"ಇಲ್ಲಕ್ಕ."

"ಹೂಂ. ಇದು ನಿಂದ ದನಿ." ಇನ್ನೆರಡು ಸೊಲ್ಲು ಕೇಳಿ, "ಚಲೋ ಐತಿ. ಆದ್ರ ಸೊಲ್ಲು ಬಿಟ್ಟ ಮ್ಯಾಲ ನಿಂತು ನಿಂತು ಹೊಂಟೀಯಲ್ಲಲೇ, ಕುಂಟೆತ್ತಿನಂಗ" ಎಂದಳು.

ಸೊಲ್ಲು ಮುಗಿದಾಗಲೆಲ್ಲ ತಾಳವೊಂದೇ ನಡೆಯುವ ಆ ಜಾಗ ಬರುತ್ತಿತ್ತು. ಒಬ್ಬರು ತಿರುಗಿ ಹಾಡಲು ಬೇಕಾದಷ್ಟೇ ಜಾಗ. ನಾನು ಅಕ್ಕನ ಮುಖ ನೋಡಲಿಲ್ಲ, ಅವಳ ಕಾಲ ಬೆರಳು ನೋಡುತ್ತಿದ್ದೆ. ತಾಳಕ್ಕೆ ಬೆರಳು ಅಲುಗುತ್ತಿತ್ತು. ಬಾಯಿ ತೆರೆಯಲಿಲ್ಲ. ಒಳಗೆ ಭಾವ ಕೆಮ್ಮಿ, "ನೀರು ಕೊಡು" ಎಂದರು. ಆ ದನಿ ಕೇಳಿ ನನಗೆ ನೆಮ್ಮದಿ ಎನಿಸಿತು, ಸುಳ್ಳಲ್ಲ. ಅಕ್ಕ ಮೊಣಕಾಲಿಗೆ ಕೈ ಊರಿ ಎದ್ದು, ಚೊಂಬು ತೆಗೆದುಕೊಂಡು ಒಳಗೆ ಹೋದಳು. ಉಳಿದ ಹಾಡನ್ನು ನಾನೊಬ್ಬಳೇ ಕೇಳಿ, ಮೊಬೈಲ್ ಎತ್ತಿಕೊಂಡು ನಮ್ಮ ಮನೆಗೆ ಬಂದೆ.